ಮನೆಮಾತು ಮರಾಠಿ, ಬರೆದದ್ದು ಕನ್ನಡ: ಬೇಂದ್ರೆ ಅಜ್ಜ ಮತ್ತು ನಾವು

ವರಕವಿ ಬೇಂದ್ರೆ ಅಂದ್ರ ನಮ್ಮ ಕ್ಯಾಂಪಸ್ಸಿನಾಗ ಬಹಳ ಮಂದಿಗೆ ಮೂರು ಸಂಗತಿ ನೆನಪಾಗ್ತಾವ. ಒಂದು, 1967ರ ‘ಬೆಳ್ಳಿಮೋಡ’ ಸಿನಿಮಾದ ಬೆಳಗಿನ ಹಾಡು. ಎರಡು, ಕ್ವಿಜ್‌ಗಾಗಿ ಬಾಯಿಪಾಠ ಮಾಡಿದ ಜ್ಞಾನಪೀಠದ ಪಟ್ಟಿಯಲ್ಲಿ ಕುವೆಂಪು ಆದಮೇಲೆ ಬರುವ ಹೆಸರು. ಮೂರು, ಧಾರವಾಡದ ಸಾಧನಕೇರಿ. ನಾಲ್ಕನೇ ಸಂಗತಿ ಒಂದದ, ಅದು ಅಷ್ಟಾಗಿ ಯಾರ ಬಾಯಿಗೂ ಬರೋದಿಲ್ಲ. ಇಷ್ಟೆಲ್ಲ ಕನ್ನಡ ಬರೆದ ಈ ಮನುಷ್ಯನ ಮನೆಮಾತು ಕನ್ನಡ ಆಗಿರಲಿಲ್ಲ, ಮರಾಠಿ ಆಗಿತ್ತು.

ನಮ್ಮ ಕನ್ನಡ ಸಂಘದಲ್ಲಿ ಪ್ರತಿ ಸೆಮಿಸ್ಟರ್ ಒಂದೇ ಮಾತು ಕೇಳಿಬರ್ತದ. ಮಾತಾಡಾಕ ಬರ್ತದ, ಬರಿಯಾಕ ಬರೂದಿಲ್ಲ ಅಂತ. ನಮ್ಮಲ್ಲಿ ಹೆಚ್ಚಿನವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮನ್ಯಾಗಿನ ಮಾತು, ಬಸ್ಸಿನಾಗಿನ ಮಾತು, ಕ್ರಿಕೆಟ್ ಮ್ಯಾಚಿನಾಗ ಜಗಳಾಡೋ ಮಾತು. ಬರವಣಿಗೆಯ ಕನ್ನಡ ಮಾತ್ರ ಬ್ಯಾರೆ ಯಾರದೋ ಮನಿ ಇದ್ದಂಗ ಅನಸ್ತದ. ವಾಟ್ಸಾಪಿನಾಗ ಕನ್ನಡವನ್ನ ಇಂಗ್ಲಿಷ್ ಅಕ್ಷರದಾಗ ಟೈಪ್ ಮಾಡ್ತೀವಿ. ಹಂಗಂತ ಇಂಗ್ಲಿಷಿನಾಗ ಕಥಿ-ಕವಿತಾ ಬರೀತೀವೇನು? ಅದೂ ಇಲ್ಲ. ಅಲ್ಲಿ ಬರಿಯೋದು ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್, ಇಂಟರ್ನ್‌ಶಿಪ್ ರಿಪೋರ್ಟ್. ಹೀಗಾಗಿ ನಮಗೆ ಎರಡೂ ಭಾಷೆಗಳು ಬರವಣಿಗೆಯ ಮಟ್ಟಿಗೆ ‘ಎರಡನೇ ಭಾಷೆ’ ಆಗಿಬಿಟ್ಟಿವೆ. ಇಂಥ ಹೊತ್ತಿನಲ್ಲಿ ಬೇಂದ್ರೆಯವರ ಬದುಕನ್ನು ಒಮ್ಮೆ ಈ ಕಣ್ಣಿನಿಂದ ನೋಡಬೇಕು ಅನ್ನಿಸಿತು. ತಾಯಿಯ ಮಾತು ಬೇರೆ ಇದ್ದವರಿಗೆ ಕನ್ನಡದಲ್ಲಿ ಬರೆಯುವ ಹುಕಿ ಎಲ್ಲಿಂದ ಬಂತು? ಆ ಹುಕಿ ಐವತ್ತು-ಅರವತ್ತು ವರ್ಷ ಆರದೆ ಹೆಂಗ ಉಳೀತು?

ಎರಡು ಮಾತಿನ ಊರು

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆಯಲ್ಲಿ ಮರಾಠಿ, ಹಿರಿಯರ ವಿದ್ಯೆ ಸಂಸ್ಕೃತ. ತಂದೆ ರಾಮಚಂದ್ರ ಭಟ್ಟರು ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ಬಡತನದಲ್ಲಿ ಸಂಸಾರ ತೂಗಿಸಿದವರು ತಾಯಿ ಅಂಬವ್ವ ಮತ್ತು ಅಜ್ಜಿ. ಮುಂದೆ ಕವಿಯಾದಾಗ ಬೇಂದ್ರೆ ಇಟ್ಟುಕೊಂಡ ಹೆಸರು ‘ಅಂಬಿಕಾತನಯದತ್ತ’. ಅಂಬಿಕೆಯ ಮಗ ದತ್ತ ಅಂತ ಅರ್ಥ. ವಿಚಿತ್ರ ನೋಡಿ, ಮರಾಠಿ ಮಾತಾಡುವ ತಾಯಿಯ ಹೆಸರನ್ನೇ ಮುಂದಿಟ್ಟುಕೊಂಡು ಅವರು ಕನ್ನಡ ಪದ್ಯ ಬರೆದರು. ಅವ್ವನ ಮಾತನ್ನು ಬಿಟ್ಟುಕೊಡದೇ, ಓಣಿಯ ಮಾತನ್ನು ತನ್ನದಾಗಿಸಿಕೊಂಡ ಲೆಕ್ಕ ಇದು.

ಅವತ್ತಿನ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ, ಶಾಲೆ, ಪತ್ರಿಕೆ ಎಲ್ಲದರಲ್ಲೂ ಮರಾಠಿಯ ಪ್ರಭಾವ ಜೋರಿತ್ತು. ಹತ್ತೊಂಬತ್ತನೇ ಶತಮಾನದ ನಡುಭಾಗದ ಹೊತ್ತಿಗೆ ಇಲ್ಲಿನ ಕನ್ನಡ ಮಕ್ಕಳು ಶಾಲೆಯಲ್ಲಿ ಮರಾಠಿ ಓದುವ ಪರಿಸ್ಥಿತಿ ಇತ್ತು. ಅದನ್ನು ಬದಲಿಸಲು ಮೈಮುರಿದು ದುಡಿದವರು ಡೆಪ್ಯುಟಿ ಚನ್ನಬಸಪ್ಪ. ಶಿಕ್ಷಣ ಇಲಾಖೆಯಲ್ಲಿದ್ದ ಅವರು ಕನ್ನಡ ಶಾಲೆಗಳನ್ನು ತೆರೆಸಿದರು, ಪಠ್ಯಪುಸ್ತಕ ಬರೆಸಿದರು, ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. 1881ರಲ್ಲಿ ಅವರು ತೀರಿಕೊಂಡರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅದಾಗಿ ಆರು ವರ್ಷಕ್ಕೆ ಬೇಂದ್ರೆ ಹುಟ್ಟಿದರು. ಅಂದರೆ ಅವರು ಕಣ್ಣು ಬಿಟ್ಟಾಗ ಈ ಊರಿನಲ್ಲಿ ಕನ್ನಡ ಆಗತಾನೇ ಎದ್ದು ಕೂಡುತ್ತಿತ್ತು.

ಈ ಎರಡು ಮಾತಿನ ಕಥೆ ಧಾರವಾಡ ಪೇಟೆಯದು ಮಾತ್ರ ಅಲ್ಲ. ನಾವು ಕೆಲವರು ಗುಡಗೇರಿಯ ಕಡೆಯವರು, ಹುಬ್ಬಳ್ಳಿ-ದಾವಣಗೆರೆ ರೈಲು ದಾರಿಯ ಮೇಲಿನ ಊರು, ಸುತ್ತ ಎರಿ ಹೊಲ. ನಮ್ಮ ತಾಲೂಕು ಕುಂದಗೋಳ ಸ್ವಾತಂತ್ರ್ಯಕ್ಕೆ ಮುಂಚೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಆಳುವವರು ಮರಾಠಿ ಮಾತಾಡುವ ಪಟವರ್ಧನರು. ಅದೇ ಕುಂದಗೋಳದ ರಾಮಭಾವು, ಅಂದ್ರ ಸವಾಯಿ ಗಂಧರ್ವರು, ಕನ್ನಡದ ಮಣ್ಣಿನವರಾಗಿ ಮರಾಠಿ ನಾಟಕ ಕಂಪನಿಯಲ್ಲಿ ಹಾಡಿ ಹೆಸರು ಮಾಡಿದರು, ಮುಂದೆ ಭೀಮಸೇನ ಜೋಶಿಯವರಿಗೆ ಗುರುವಾದರು. ಒಬ್ಬರು ಇಲ್ಲಿಂದ ಅಲ್ಲಿಗೆ ಹೋದರು, ಇನ್ನೊಬ್ಬರು ಅಲ್ಲಿಯ ಮಾತನ್ನು ಇಟ್ಟುಕೊಂಡೇ ಇಲ್ಲಿಯವರಾದರು. ಇವತ್ತಿಗೂ ಗುಡಗೇರಿಯ ಮನೆಗಳಲ್ಲಿ ಅಪ್ಪನ ತಮ್ಮ ‘ಕಾಕಾ’, ಅವ್ವನ ತಂಗಿ ‘ಮಾವಶಿ’, ಅಣ್ಣನ ಹೆಂಡತಿ ‘ವೈನಿ’. ನಿಜ ಅನ್ನೋದಕ್ಕ ‘ಖರೆ’ ಅಂತೀವಿ. ಇವೆಲ್ಲ ಮರಾಠಿಯಿಂದ ಬಂದು ನಮ್ಮ ಪಡಸಾಲಿಯಾಗ ಕೂತ ಮಾತುಗಳು. ಇದೆಲ್ಲ ಅಚ್ಚ ಕನ್ನಡ ಅಲ್ಲ ಅಂತ ಯಾರೂ ನಮ್ಮ ವೈನಿಯನ್ನ ಹೊರಗ ಹಾಕಿಲ್ಲ.

ಪುಣೆಯಿಂದ ವಾಪಸ್

ಧಾರವಾಡದಲ್ಲಿ ಹೈಸ್ಕೂಲು ಮುಗಿಸಿ ಬೇಂದ್ರೆ ಓದಲು ಹೋದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿಗೆ. 1918ರಲ್ಲಿ ಬಿ.ಎ. ಆಯಿತು. ಇಲ್ಲಿ ಒಂದು ಕ್ಷಣ ನಿಂತು ಯೋಚನೆ ಮಾಡಬೇಕು. ಮನೆಮಾತು ಮರಾಠಿ, ಓದುತ್ತಿರುವ ಊರು ಪುಣೆ. ಟಿಳಕರ ‘ಕೇಸರಿ’ ಪತ್ರಿಕೆ ಅಲ್ಲಿಂದಲೇ ಬರುತ್ತಿತ್ತು. ಓದುಗರು, ಪತ್ರಿಕೆಗಳು, ನಾಟಕ ಕಂಪನಿಗಳು, ಪ್ರಕಾಶಕರು ಎಲ್ಲ ಅಲ್ಲೇ ಇದ್ದರು. ಬರೆಯುವ ಆಸೆ ಇರುವ ಇಪ್ಪತ್ತು ವರ್ಷದ ಹುಡುಗನಿಗೆ ಮರಾಠಿ ಕವಿಯಾಗುವುದು ಸಲೀಸು ದಾರಿ. ಇಂಗ್ಲಿಷ್, ಸಂಸ್ಕೃತ ಎರಡೂ ಬರುತ್ತಿದ್ದವು, ಆ ದಾರಿಗಳೂ ತೆರೆದಿದ್ದವು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರ, ಬೆಂಗಳೂರಿನಾಗ ಒಳ್ಳೇ ಕಂಪನಿಯ ಆಫರ್ ಕೈಯಾಗ ಇಟ್ಟುಕೊಂಡು ಊರಿಗೆ ವಾಪಸ್ ಬಂದಂಗ.

ಅವರು ವಾಪಸ್ ಬಂದರು. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದರು. ಮುಂದಿನ ವರ್ಷ ಲಕ್ಷ್ಮೀಬಾಯಿಯವರ ಜೊತೆ ಮದುವೆಯಾಯಿತು. ಪದ್ಯಗಳು ಪತ್ರಿಕೆಗಳಲ್ಲಿ ಬರತೊಡಗಿದವು. 1922ರಲ್ಲಿ ‘ಕೃಷ್ಣಕುಮಾರಿ’ ಎಂಬ ಮೊದಲ ಪುಸ್ತಕ ಬಂತು.

ಗೆಳೆಯರ ಗುಂಪು

ಹುಕಿ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ನಮಗೆ ಸಿಕ್ಕ ದೊಡ್ಡ ಉತ್ತರ ಇಲ್ಲೇ ಇದೆ. 1922ರಲ್ಲಿ ಧಾರವಾಡದಲ್ಲಿ ‘ಗೆಳೆಯರ ಗುಂಪು’ ಶುರುವಾಯಿತು. ಅದಕ್ಕೆ ಕಟ್ಟಡ ಇರಲಿಲ್ಲ, ಸರಕಾರದ ಅನುದಾನ ಇರಲಿಲ್ಲ. ಬೇಂದ್ರೆ ನಡುವೆ, ಸುತ್ತ ಗೆಳೆಯರು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕ, ಹಲಸಂಗಿಯ ಮಧುರಚೆನ್ನ, ಹೀಗೆ ಒಬ್ಬೊಬ್ಬರೂ ಮುಂದೆ ಒಂದೊಂದು ದಿಕ್ಕಿನಲ್ಲಿ ಹೆಸರಾದರು. ಬರೆದದ್ದನ್ನು ಓದುವುದು, ಕೇಳುವುದು, ಚರ್ಚೆ ಮಾಡುವುದು, ‘ಸ್ವಧರ್ಮ’ ‘ಜಯಕರ್ನಾಟಕ’ದಂಥ ಪತ್ರಿಕೆಗಳಿಗೆ ದುಡಿಯುವುದು, ದಸರೆಯ ಹೊತ್ತಿಗೆ ನಾಡಹಬ್ಬ ನಡೆಸುವುದು. ಮಧುರಚೆನ್ನರ ಹಲಸಂಗಿ ಬಳಗದವರು ಹಳ್ಳಿಯ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡಿದ್ದನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅಂದರೆ ಈ ಗೆಳೆಯರಿಗೆ ಭಾಷೆಯ ಮೇಷ್ಟ್ರು ಪುಸ್ತಕದಲ್ಲಷ್ಟೇ ಇರಲಿಲ್ಲ, ಬೀಸುಕಲ್ಲಿನ ಮುಂದೆಯೂ ಕೂತಿದ್ದರು.

ಗೋಕಾಕರ ಕಥೆ ನಮಗಂತೂ ಬಹಳ ಹತ್ತಿರದ್ದು. ಅವರ ಊರು ಸವಣೂರು. ಗುಡಗೇರಿಯಿಂದ ಹಾವೇರಿಯ ಕಡೆ ಹೊರಟ ರೈಲಿನಲ್ಲಿ ಎಲವಿಗಿ ದಾಟಿದರೆ ಸವಣೂರು ಸ್ಟೇಶನ್. 1909ರಲ್ಲಿ ಹುಟ್ಟಿದ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುವಾಗ ಇಂಗ್ಲಿಷ್ ಸಾಹಿತ್ಯದಲ್ಲಿ ಮುಳುಗಿದ್ದರು, ಇಂಗ್ಲಿಷಿನಲ್ಲೇ ಕವಿತೆ ಬರೆಯುತ್ತಿದ್ದರು. ಅಂಥ ವಿದ್ಯಾರ್ಥಿಯನ್ನು ಕನ್ನಡದ ಕಡೆ ಎಳೆದದ್ದು ಬೇಂದ್ರೆಯವರ ಒಡನಾಟ. ಮುಂದೆ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದರು, ಇಂಗ್ಲಿಷ್ ಪ್ರಾಧ್ಯಾಪಕರಾಗಿಯೇ ಉಳಿದರು. ಕನ್ನಡದಲ್ಲಿ ಬರೆದು 1990ರಲ್ಲಿ ಜ್ಞಾನಪೀಠವನ್ನೂ ಪಡೆದರು. ಮರಾಠಿ ಮನೆಮಾತಿನ ಒಬ್ಬ ಮಾಸ್ತರು, ಕನ್ನಡ ಮನೆಮಾತಿನ ಹುಡುಗನನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಕರೆತಂದದ್ದು ಇದು. ಆ ಮಾಸ್ತರು ಇಂಗ್ಲಿಷ್ ಬಿಡಿಸಲಿಲ್ಲ ಅನ್ನೋದನ್ನೂ ನಾವು ನೆನಪಿಡಬೇಕು.

ಇದೇ ಥರದ ಇನ್ನೊಂದು ಘಟನೆ ಮೈಸೂರಿನದು. ಕುವೆಂಪು ವಿದ್ಯಾರ್ಥಿಯಾಗಿದ್ದಾಗ ಬರೆದದ್ದು ಇಂಗ್ಲಿಷ್ ಕವಿತೆಗಳನ್ನು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಅನ್ನೋ ಚಿಕ್ಕ ಪುಸ್ತಕವೂ ಬಂತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಆ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ ಕೊಟ್ಟರು. ವಿದ್ಯಾರ್ಥಿಗೆ ಮೊದಲು ಸಿಟ್ಟು ಬಂತು, ಆಮೇಲೆ ಕನ್ನಡ ಬಂತು. ಒಬ್ಬರಿಗೆ ಹೊರಗಿನವರ ಒಂದು ಮಾತು ಸಾಕಾಯಿತು, ಇನ್ನೊಬ್ಬರಿಗೆ ಗೆಳೆಯರ ಬಳಗ ಬೇಕಾಯಿತು. ಎರಡರಲ್ಲೂ ಸಮಾನವಾದದ್ದು ಏನಂದ್ರ, ಬರೆದದ್ದನ್ನ ಯಾರೋ ಒಬ್ಬರು ಮನಸ್ಸಿಟ್ಟು ಓದಿದ್ದರು.

ಮಾರ್ಕ್ಸಿಗಾಗಿ ಮತ್ತು ಮಂದಿಗಾಗಿ

ಹೊಸ ಭಾಷೆಯನ್ನು ಜನ ಯಾಕೆ ಕಲಿಯುತ್ತಾರೆ ಅನ್ನುವುದನ್ನು ಮನಶ್ಶಾಸ್ತ್ರಜ್ಞರೂ ಹುಡುಕಿದ್ದಾರೆ. ಕೆನಡಾದ ರಾಬರ್ಟ್ ಗಾರ್ಡ್‌ನರ್ ಮತ್ತು ವಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನ ಹೈಸ್ಕೂಲ್ ಹುಡುಗರನ್ನು ಅಭ್ಯಾಸ ಮಾಡಿ 1959ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಎರಡು ಬಗೆಯ ಕಾರಣಗಳನ್ನು ಬೇರ್ಪಡಿಸಿದರು. ಕೆಲಸ, ಅಂಕ, ಬಡ್ತಿ ಸಿಗಲಿ ಎಂದು ಕಲಿಯುವುದು ಒಂದು. ಆ ಭಾಷೆ ಮಾತಾಡುವ ಜನರ ಜೊತೆ ಬೆರೆಯಬೇಕು, ಅವರಲ್ಲಿ ಒಬ್ಬರಾಗಬೇಕು ಎಂದು ಕಲಿಯುವುದು ಇನ್ನೊಂದು. ಆ ಅಭ್ಯಾಸದಲ್ಲಿ ಎರಡನೆಯ ಬಗೆಯವರು ಹೆಚ್ಚು ಚೆನ್ನಾಗಿ ಕಲಿತದ್ದು ಕಂಡುಬಂತು. ಮುಂದೆ ಬೇರೆ ಊರು ಬೇರೆ ದೇಶಗಳಲ್ಲಿ ಮಾಡಿದ ಅಭ್ಯಾಸಗಳಲ್ಲಿ ಮೊದಲನೆಯ ಕಾರಣವೂ ಗಟ್ಟಿಯಾಗಿ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು. ಆದ್ದರಿಂದ ಒಂದು ಮೇಲು, ಇನ್ನೊಂದು ಕೀಳು ಅಂತ ತೀರ್ಪು ಕೊಡುವ ಹಂಗಿಲ್ಲ.

ನಮ್ಮ ಅನುಭವಕ್ಕೂ ಇದು ಹೊಂದುತ್ತದೆ. ವಿಟಿಯು ಮೊದಲ ವರ್ಷದಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಹೊಸಬರಿಗೆ ‘ಬಳಕೆ ಕನ್ನಡ’ ಇಟ್ಟಿದೆ. ಒಂದು ಕ್ರೆಡಿಟ್ಟಿನ ವಿಷಯ. ಪಾಸಾಗುವ ಮಟ್ಟಿಗೆ ಎಲ್ಲರೂ ಓದುತ್ತೇವೆ. ಅದೇ ಬಿಹಾರದಿಂದಲೋ ಆಂಧ್ರದಿಂದಲೋ ಬಂದ ನಮ್ಮ ಹಾಸ್ಟೆಲ್ ಗೆಳೆಯರನ್ನು ನೋಡಿ. ಪುಸ್ತಕದ ‘ಬಳಕೆ ಕನ್ನಡ’ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಆದರೆ ಕ್ಯಾಂಟೀನಿನ ಅಣ್ಣನ ಜೊತೆ ‘ಇನ್ನೊಂದು ಗಿರಮಿಟ್ ಕೊಡ್ರಿ’ ಅನ್ನೋದು, ವಾಲಿಬಾಲ್ ಆಡುವಾಗ ‘ಹೊಡಿಲೇ’ ಅನ್ನೋದು ಹೋಗುವುದೇ ಇಲ್ಲ. ಮೊದಲನೆಯದನ್ನು ಪರೀಕ್ಷೆ ಕಲಿಸಿತು, ಎರಡನೆಯದನ್ನು ಮಂದಿ ಕಲಿಸಿದರು.

ಬೇಂದ್ರೆಯವರಿಗೆ ಕನ್ನಡ ಬಂದದ್ದು ಈ ಎರಡನೇ ದಾರಿಯಿಂದ. ಓಣಿಯ ಮಂದಿ, ಲಾವಣಿ ಹಾಡುವವರು, ಪುರಾಣ ಹೇಳುವವರು, ಸಂತೆಗೆ ಬಂದವರು. ಅವರ ನಡುವೆ ಬೆಳೆದ ಹುಡುಗನಿಗೆ ಅವರ ಮಾತಿನ ಏರಿಳಿತ ಮೈಯಾಗ ಇಳಿದಿತ್ತು. ಅವರ ಪದ್ಯಗಳನ್ನು ಕಣ್ಣಿನಿಂದ ಓದಿದರೆ ಅರ್ಧ, ಬಾಯಿಬಿಟ್ಟು ಓದಿದರೆ ಪೂರ್ತಿ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನ ನಡೆದಾಗ, ಕಾಲವನ್ನು ಹಕ್ಕಿಯಾಗಿ ಕಂಡ ಪದ್ಯವನ್ನು ಬೇಂದ್ರೆ ವಾಚಿಸಿದರು. ಧಾರವಾಡದ ಮಾಸ್ತರನ ಹೆಸರು ನಾಡಿಗೆಲ್ಲ ಹಬ್ಬಿದ್ದು ಅಲ್ಲಿಂದ. ಆ ಪದ್ಯ ಸೇರಿದ್ದ ‘ಗರಿ’ ಸಂಕಲನ 1932ರಲ್ಲಿ ಪುಸ್ತಕವಾಗಿ ಬಂತು.

ಬೆಲೆ ತೆತ್ತದ್ದು

ಪ್ರೇರಣೆಯ ಮಾತು ಬಂದಾಗ ಸಾಮಾನ್ಯವಾಗಿ ಗೆದ್ದ ಕಥೆ ಹೇಳಿ ಮುಗಿಸ್ತಾರ. ಬೇಂದ್ರೆಯವರ ಕಥೆಯನ್ನು ಹಂಗ ಮುಗಿಸಿದರೆ ಮೋಸ ಆಗ್ತದ. 

‘ಗರಿ’ಯಲ್ಲಿದ್ದ ‘ನರಬಲಿ’ ಎಂಬ ಪದ್ಯ ಬ್ರಿಟಿಷ್ ಸರಕಾರದ ಕಣ್ಣಿಗೆ ರಾಜದ್ರೋಹವಾಗಿ ಕಂಡಿತು. ಕವಿಯನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಹಾಕಿದರು, ಅದಾದಮೇಲೆ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಕಣ್ಗಾವಲಿನಲ್ಲಿ ಇಟ್ಟರು. ಮಾಸ್ತರಿಕೆ ಹೋಯಿತು. ಸರಕಾರದ ಕೆಂಗಣ್ಣಿಗೆ ಬಿದ್ದವರಿಗೆ ಬೇರೆ ಕೆಲಸವೂ ಸುಲಭಕ್ಕೆ ಸಿಗುವಂತಿರಲಿಲ್ಲ. ವರ್ಷಗಟ್ಟಲೆ ಗಟ್ಟಿ ನೌಕರಿ ಇಲ್ಲದೆ ಸಂಸಾರ ನಡೆಯಿತು. ಇದರ ಜೊತೆಗೆ ಮನೆಯಲ್ಲಿ ಸಾವಿನ ಮೇಲೆ ಸಾವು. ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಬೇಂದ್ರೆ ದಂಪತಿ ಕಳೆದುಕೊಂಡರು. ಮಗು ಹೋದ ದಿನದ ಗಂಡ-ಹೆಂಡತಿಯ ಮೌನವನ್ನು ಅವರು ಒಂದು ಪದ್ಯ ಮಾಡಿದ್ದಾರೆ. ಅದನ್ನು ಹಾಡಾಗಿ ಕೇಳಿ ಪ್ರೇಮಗೀತೆ ಅಂದುಕೊಂಡವರು ನಮ್ಮಲ್ಲಿ ಬಹಳ ಇದ್ದಾರೆ. ಅದು ಪ್ರೇಮಗೀತೆಯೂ ಹೌದು, ಯಾಕಂದ್ರ ಹೆಂಡತಿಯ ಕಣ್ಣನ್ನು ಎದುರಿಸಲಾಗದ ಗಂಡನ ಮಾತು ಅದು.

ಇಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿ ಒಂದಿದೆ. ಆ ಪದ್ಯ ಇರುವುದು ಗ್ರಂಥದ ಕನ್ನಡದಲ್ಲಿ ಅಲ್ಲ, ಧಾರವಾಡದ ಮನೆಯ ಮಾತಿನಲ್ಲಿ. ಎದೆ ಒಡೆಯುವಂಥ ದುಃಖವನ್ನು ಹೇಳಬೇಕಾದಾಗ ಮರಾಠಿ ಮನೆಮಾತಿನ ಈ ಕವಿಗೆ ಒದಗಿದ್ದು ನಾವು ದಿನಾ ಆಡುವ ‘ಹಿಂಗ, ಹಂಗ, ಯಾಕ’ ಅನ್ನೋ ಕನ್ನಡ. ಅಂದಮೇಲೆ ಅದು ಅವರಿಗೆ ‘ಎರಡನೇ ಭಾಷೆ’ ಹೆಂಗಾದೀತು? ಹುಟ್ಟಿದ ಮನೆಯ ಮಾತು ಯಾವುದು ಅನ್ನೋದು ಒಂದು ಪ್ರಶ್ನೆ, ಅಳುವಾಗ ಯಾವ ಮಾತು ಬರ್ತದ ಅನ್ನೋದು ಇನ್ನೊಂದು ಪ್ರಶ್ನೆ.

ಊರ ಮಾತಿಗೆ ಪೆನ್ನು ಕೊಟ್ಟವರು

ಗುಡಗೇರಿ, ಸಂಶಿ, ಅಣ್ಣಿಗೇರಿ, ನವಲಗುಂದದ ಕಡೆಯಿಂದ ಬಂದ ಹುಡುಗ-ಹುಡುಗಿಯರಿಗೆ ಬರೆಯಲು ಇರುವ ಅಂಜಿಕೆ ಎರಡು ಪಟ್ಟು. ಒಂದು, ಇಂಗ್ಲಿಷ್ ಮೀಡಿಯಂ ಓದಿದ್ದರಿಂದ ಒತ್ತಕ್ಷರ, ಮಹಾಪ್ರಾಣ ತಪ್ಪಿದರೆ ನಗ್ತಾರೇನೋ ಅನ್ನೋದು. ಇನ್ನೊಂದು, ನಮ್ಮ ಮಾತು ಪುಸ್ತಕದಂಗಿಲ್ಲ ಅನ್ನೋದು. ಟಿವಿ, ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂದರೆ ಬಹಳ ಸಲ ಅದು ಕಾಮಿಡಿಗೆ ಮೀಸಲು. ‘ಹೋಗೂಣು ಬರ್ರಿ’ ಅಂದ ಕೂಡಲೇ ನಗು. ಹೀಗಾಗಿ ಬರೆಯಲು ಕೂತಾಗ ನಮ್ಮ ಮಾತನ್ನು ಬಾಗಿಲ ಹೊರಗೆ ನಿಲ್ಲಿಸಿ, ನಮಗೇ ಪರಿಚಯ ಇಲ್ಲದ ದೊಡ್ಡ ದೊಡ್ಡ ಶಬ್ದ ಕರೆದುಕೊಂಡು ಬರ್ತೀವಿ. ಅವು ಎರಡು ಸಾಲು ಆಗೋದ್ರಾಗ ಸುಸ್ತಾಗಿ ಕೂತುಬಿಡ್ತಾವ.

ಬೇಂದ್ರೆ ಈ ಬಾಗಿಲನ್ನೇ ತೆಗೆದುಹಾಕಿದರು. ಸಂಸ್ಕೃತ ಬಲ್ಲವರು ಅವರು, ಕಾಳಿದಾಸನ ‘ಮೇಘದೂತ’ವನ್ನು ಕನ್ನಡಕ್ಕೆ ತಂದವರು. ಬೇಕಾದಾಗ ಸಂಸ್ಕೃತದ ಎತ್ತರಕ್ಕೂ ಹೋದರು, ಬೇಕಾದಾಗ ಬಾರಕೇರಿಯ ಮಾತಿಗೂ ಬಂದರು. ತಿಳಿಯದೇ ಆಡುಮಾತು ಬಳಸಿದ್ದಲ್ಲ, ತಿಳಿದು ಆರಿಸಿಕೊಂಡದ್ದು. ಆ ಮಾತಿನಲ್ಲಿ ನಗಿಸಬಹುದು, ಅಷ್ಟೇ ಚೆನ್ನಾಗಿ ಅಳಿಸಬಹುದು, ದೊಡ್ಡ ತತ್ವವನ್ನೂ ಹೇಳಬಹುದು ಅಂತ ತೋರಿಸಿಕೊಟ್ಟರು. ಇಡೀ ಕನ್ನಡ ನಾಡು ಇವತ್ತು ಆ ಪದ್ಯಗಳನ್ನು ಹಾಡುವಾಗ ಮಂಡ್ಯದವರೂ ಮಂಗಳೂರಿನವರೂ ನಮ್ಮ ಧಾಟಿಯಲ್ಲೇ ಹಾಡುತ್ತಾರೆ.

ಮನೆಮಾತು ಬೇರೆಯಿದ್ದೂ ಕನ್ನಡ ಕಟ್ಟಿದವರಲ್ಲಿ ಬೇಂದ್ರೆ ಒಬ್ಬರೇ ಅಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಓದಿದ್ದು ಇಂಗ್ಲಿಷ್ ಎಂ.ಎ., ಕೆಲಸ ಮೈಸೂರು ಸರಕಾರದ ದೊಡ್ಡ ಅಧಿಕಾರಿ, ಬರೆದದ್ದು ಕನ್ನಡ ಸಣ್ಣಕಥೆ. ಬೇಂದ್ರೆಗೆ ಅವರು ಅಣ್ಣನ ಸಮಾನ. ತಮಿಳು ಮತ್ತು ಮರಾಠಿ ಮನೆಗಳ ಇಬ್ಬರು ಕನ್ನಡದಲ್ಲಿ ಅಣ್ಣತಮ್ಮ ಆದರು. ಬಿ. ಎಂ. ಶ್ರೀಕಂಠಯ್ಯ, ಟಿ. ಪಿ. ಕೈಲಾಸಂ, ಜಿ. ಪಿ. ರಾಜರತ್ನಂ ಇವರೂ ತಮಿಳು ಮನೆತನದವರೇ. ಇನ್ನೂ ಹಿಂದೆ ಹೋದರೆ ಜರ್ಮನಿಯಿಂದ 1853ರಲ್ಲಿ ಬಂದು, ಧಾರವಾಡ-ಹುಬ್ಬಳ್ಳಿ-ಮಂಗಳೂರುಗಳಲ್ಲಿ ಇದ್ದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್. ಕನ್ನಡ ಯಾರದು ಅಂತ ಕೇಳಿದರೆ, ಬರೆದವರದು ಅನ್ನೋದೇ ಈ ಪಟ್ಟಿ ಕೊಡುವ ಉತ್ತರ.

ಮರಾಠಿ ಊರಲ್ಲಿ ಕನ್ನಡ ಮೇಷ್ಟ್ರು

1943ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬೇಂದ್ರೆ ಅಧ್ಯಕ್ಷರಾದರು. ಮರು ವರ್ಷ, 1944ರಲ್ಲಿ, ಕೊನೆಗೂ ನೆಟ್ಟಗಿನ ನೌಕರಿ ಸಿಕ್ಕಿತು. ಎಲ್ಲಿ ಅಂತೀರಿ? ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ, ಕನ್ನಡ ಪ್ರಾಧ್ಯಾಪಕರಾಗಿ. ಕನ್ನಡ ಊರಿನ ಮರಾಠಿ ಹುಡುಗ, ಮರಾಠಿ ಹೆಚ್ಚಿರುವ ಊರಿಗೆ ಹೋಗಿ ಕನ್ನಡ ಪಾಠ ಹೇಳಿದರು. 1956ರವರೆಗೆ ಅಲ್ಲಿದ್ದರು. ಸೊಲ್ಲಾಪುರದಲ್ಲೂ ಅಕ್ಕಲಕೋಟೆಯಲ್ಲೂ ಕನ್ನಡದ ಮನೆಗಳು ಆಗಲೂ ಇದ್ದವು, ಈಗಲೂ ಇವೆ.

ಆಮೇಲೆ ಧಾರವಾಡದ ಸಾಧನಕೇರಿಯ ‘ಶ್ರೀಮಾತಾ’ ಮನೆ. ‘ಅರಳು ಮರಳು’ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, 1964ರಲ್ಲಿ ಬಂದ ‘ನಾಕುತಂತಿ’ಗೆ 1973ರ ಜ್ಞಾನಪೀಠ. ಆ ವರ್ಷದ ಜ್ಞಾನಪೀಠವನ್ನು ಒಡಿಯಾದ ಗೋಪೀನಾಥ ಮೊಹಾಂತಿಯವರ ಜೊತೆ ಹಂಚಿಕೊಂಡರು. ಇವುಗಳ ನಡುವೆ ಯಾರೂ ಹೆಚ್ಚು ಹೇಳದ ಒಂದು ಪ್ರಶಸ್ತಿ ಇದೆ. ಮರಾಠಿಯಲ್ಲಿ ಅವರು ಬರೆದ ‘ಸಂವಾದ’ ಎಂಬ ಪುಸ್ತಕಕ್ಕೆ ಕೇಳ್ಕರ್ ಹೆಸರಿನ ಬಹುಮಾನ ಬಂತು. ಕನ್ನಡದಲ್ಲಿ ಶಿಖರ ಮುಟ್ಟಿದ ಮೇಲೂ ಅವ್ವನ ಮಾತಿನಲ್ಲಿ ಬರೆಯುವುದನ್ನು ಅವರು ಬಿಟ್ಟಿರಲಿಲ್ಲ. ಒಂದು ಭಾಷೆ ಹಿಡಿಯಬೇಕಾದರೆ ಇನ್ನೊಂದನ್ನು ಬಿಡಲೇಬೇಕು ಅನ್ನೋ ವಾದ ಅವರ ಬದುಕಿನಾಗ ನಿಲ್ಲೋದಿಲ್ಲ.

ಎಂಜಿನಿಯರಿಂಗ್ ಮಂದಿಗೆ ಇನ್ನೊಂದು ಸುದ್ದಿ. ಕೊನೆಯ ವರ್ಷಗಳಲ್ಲಿ ಬೇಂದ್ರೆ ಅಂಕಿಗಳ ಬೆನ್ನು ಹತ್ತಿದ್ದರು. ಶಬ್ದ, ನಾದ, ಸಂಖ್ಯೆ ಇವುಗಳ ಸಂಬಂಧ ಹುಡುಕುತ್ತ ಹಾಳೆಗಟ್ಟಲೆ ಲೆಕ್ಕ ಹಾಕುತ್ತಿದ್ದರು. 1976ರಲ್ಲಿ ಇಂಗ್ಲಿಷ್ ಕವಿ ಡಾಮ್ ಮೊರೇಸ್ ಧಾರವಾಡಕ್ಕೆ ಬಂದು ಭೇಟಿಯಾದಾಗ, ಎಂಬತ್ತರ ಈ ಅಜ್ಜ ಎಲ್ಲ ಜ್ಞಾನವನ್ನೂ ಸಂಖ್ಯೆಯಲ್ಲಿ ಹಿಡಿಯುವ ಯತ್ನದಲ್ಲಿ ಮುಳುಗಿದ್ದರು. ಆ ಲೆಕ್ಕಗಳನ್ನು ಗಣಿತ ಅಂತ ಒಪ್ಪೋದು ಬಿಡೋದು ಬೇರೆ ಮಾತು. ಎಂಬತ್ತನೇ ವಯಸ್ಸಿನಾಗೂ ಹೊಸದೊಂದು ಭಾಷೆ ಕಲಿತಂಗ ಅಂಕಿ ಹಿಡಕೊಂಡು ಕೂತಿದ್ದರಲ್ಲ, ಆ ಕುತೂಹಲ ದೊಡ್ಡದು.

1981ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಶುರುವಿನಲ್ಲಿ ಗೋಕಾಕರು ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಪ್ರಥಮ ಭಾಷೆಯಾಗಬೇಕು ಎಂಬ ವರದಿಯನ್ನು ಸರಕಾರಕ್ಕೆ ಕೊಟ್ಟಿದ್ದರು. ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಯನ್ನು ನಮ್ಮ ಅಪ್ಪ-ಅವ್ವಂದಿರ ಪೀಳಿಗೆ ಕೇಳಿ ಬಲ್ಲದು. ಇಂಗ್ಲಿಷ್ ಕವಿತೆ ಬರೆಯುತ್ತಿದ್ದ ಸವಣೂರಿನ ಹುಡುಗ ಎಲ್ಲಿಗೆ ಬಂದು ಮುಟ್ಟಿದ ನೋಡಿ.

ನಮಗೇನು?

ಬೇಂದ್ರೆಯವರಿಗೂ ನಮಗೂ ವ್ಯತ್ಯಾಸ ಬಹಳ ಇದೆ, ಅದನ್ನು ಮುಚ್ಚಿಟ್ಟು ಹೋಲಿಕೆ ಮಾಡಬಾರದು. ಅವರಿಗೆ ಮನೆಯಲ್ಲಿ ಬೇರೆ ಮಾತು, ಹೊರಗೆ ಕನ್ನಡ. ನಮಗೆ ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ಬೇರೆ ಮಾತು. ಅವರ ಕಾಲಕ್ಕೆ ಕನ್ನಡಕ್ಕೆ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ, ಹೀಗಾಗಿ ಬರೆಯುವುದೇ ಒಂದು ಹೋರಾಟ. ನಮಗೆ ರಾಜ್ಯ ಇದೆ, ಕೀಬೋರ್ಡ್ ಇದೆ, ಫೋನಿನಾಗ ಫಾಂಟ್ ಇದೆ. ಪ್ಲೇಸ್‌ಮೆಂಟಿಗೆ ಇಂಗ್ಲಿಷ್ ಬೇಕು, ಅದು ಖರೆ. ಅದನ್ನು ಚೆನ್ನಾಗಿ ಕಲಿಯೋಣ. ಆದರೆ ಇಂಟರ್‌ವ್ಯೂ ಮುಗಿಸಿ ಬಂದ ಮೇಲಿನ ಖುಷಿ, ಬ್ಯಾಕ್‌ಲಾಗಿನ ಸಂಕಟ, ಮಳಿ ಬಾರದ ವರ್ಷ ಹೊಲದ ಬದುವಿನ ಮ್ಯಾಲೆ ಕೂತ ಅಪ್ಪನ ಮುಖ, ಇವಕ್ಕೂ ಒಂದು ಭಾಷೆ ಬೇಕಲ್ಲ. ಇವು ರೆಸ್ಯೂಮೆಯೊಳಗ ಹಿಡಿಸೂದಿಲ್ಲ. ನಾವು ಬರೀಲಿಲ್ಲ ಅಂದ್ರ ಗುಡಗೇರಿಯ ಮಾತಿನಾಗ ಇವನ್ನ ಬರಿಯಾಕ ಬೇರೆ ಯಾರೂ ಬರೂದಿಲ್ಲ.

ಹಂಗಾದ್ರ ಏನು ಮಾಡೂಣು? ಬೇಂದ್ರೆಯವರ ಬದುಕು ನೋಡಿದರೆ ಮೂರು ಸಣ್ಣ ಕೆಲಸ ಕಾಣ್ತಾವ. ಮೊದಲನೆಯದು, ಒಂಟಿಯಾಗಿ ಬರೆಯುವುದಕ್ಕಿಂತ ನಾಲ್ಕು ಗೆಳೆಯರನ್ನು ಕೂಡಿಸಿಕೊಳ್ಳುವುದು. ವಾರಕ್ಕೆ ಒಂದು ಪುಟ ಬರೆದು ಒಬ್ಬರಿಗೊಬ್ಬರು ಓದಿ ಹೇಳುವುದು. ಎರಡನೆಯದು, ಮೊದಲು ನಮ್ಮ ಬಾಯಿಮಾತಿನಲ್ಲೇ ಬರೆಯುವುದು. ಕಾಗುಣಿತ ಆಮೇಲೆ ತಿದ್ದಬಹುದು, ಅದಕ್ಕೆ ನಿಘಂಟು ಇದೆ, ಮೇಷ್ಟ್ರು ಇದ್ದಾರೆ. ಬರೆಯದೇ ಉಳಿದದ್ದನ್ನು ತಿದ್ದಲು ಯಾರಿಂದಲೂ ಆಗದು. ಮೂರನೆಯದು, ಬರೆದವರನ್ನು ನೋಡಿ ನಗದಿರುವುದು. ಗೆಳೆಯರ ಗುಂಪಿನಲ್ಲಿ ಕಠಿಣ ವಿಮರ್ಶೆ ಇದ್ದಿರಬಹುದು, ಆದರೆ ಅವರು ಒಬ್ಬರ ಪದ್ಯವನ್ನು ಒಬ್ಬರು ಮನಸ್ಸಿಟ್ಟು ಕೇಳಿದ್ದರು. ಬರೆಯುವ ಹುಕಿಗೆ ಅದಕ್ಕಿಂತ ದೊಡ್ಡ ಗೊಬ್ಬರ ನಮಗೆ ಕಂಡಿಲ್ಲ.

ಮುಂದಿನ ಸಂಚಿಕೆಗೆ ಮನೆಮಾತು ಯಾವುದೇ ಇರಲಿ, ತೆಲುಗು, ಉರ್ದು, ಕೊಂಕಣಿ, ಹಿಂದಿ, ಲಂಬಾಣಿ, ಎಲ್ಲರೂ ಒಂದು ಪುಟ ಕನ್ನಡ ಬರೆದುಕೊಡ್ರಿ. ಕನ್ನಡ ಮನೆಮಾತಿನವರಿಗೂ ಇದೇ ವಿನಂತಿ, ಯಾಕಂದ್ರ ಅವರೇ ಹೆಚ್ಚು ಹಿಂದ ಸರೀತಾರ. ಟೈಪ್ ಮಾಡಾಕ ಬರದಿದ್ರ ಕೈಬರಹದ ಫೋಟೋ ಕಳಸ್ರಿ, ಟೈಪ್ ನಾವು ಮಾಡ್ತೀವಿ. ಧಾರವಾಡಕ್ಕೆ ಹೋದಾಗ ಸಾಧನಕೇರಿಗೂ ಹೋಗಿಬರ್ರಿ. ಕೆರೆಯ ಎದುರಿಗೆ ಬೇಂದ್ರೆ ಭವನ ಇದೆ, ಪಕ್ಕದಲ್ಲೇ ಅವರ ಮನೆ ಇದೆ. ನೋಡಿ ಬಂದದ್ದನ್ನ ಬರೆದರ, ಅದೇ ನಿಮ್ಮ ಮೊದಲನೇ ಪುಟ ಆಗ್ತದ.